ಮಿಣಿಯಜ್ಜನ ಮೂರೆಳೆ ಹಗ್ಗ

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿಗೂ ಇನ್ನೂ ಹಾಲುಹಲ್ಲು ಬಿದ್ದಿರದ ಕಾಲದಲ್ಲಿ, ಬಯಲುಸೀಮೆಯಲ್ಲಿ ಒಂದು ಊರಿತ್ತಂತೆ. ಆ ಊರಿಗೆ ಮೂರು ಕೇರಿ, ಒಂದೇ ಬಾವಿ. ಮೊದಲು ಮೇಲುಕೇರಿಯವರು ತಮ್ಮ ಹಗ್ಗ ತಂದು ಸೇದಬೇಕು, ಅವರದಾದ ಮೇಲೆ ನಡುಕೇರಿಯವರು ತಮ್ಮ ಹಗ್ಗ ತಂದು ಸೇದಬೇಕು, ಕೆಳಕೇರಿಯವರು ಮಾತ್ರ ಹಗ್ಗವನ್ನೂ ತರುವ ಹಾಗಿಲ್ಲ, ಬಾವಿಕಟ್ಟೆಯನ್ನೂ ಹತ್ತುವ ಹಾಗಿಲ್ಲ. ದೂರದಲ್ಲಿ ಕೊಡ ಇಟ್ಟು ಕೂತಿರಬೇಕು. ಯಾರಾದರೂ ಮನಸ್ಸು ಬಂದು ಹುಯ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಹಾಗೆ ಕೂರುತ್ತಿದ್ದವರಲ್ಲಿ ತಿಪ್ಪಮ್ಮ ಅಂತ ಒಬ್ಬಳು ಹುಡುಗಿ. ಬೆಳಿಗ್ಗೆ ಬಂದು ಕೂತರೆ ನೆರಳು ಕಾಲಬುಡಕ್ಕೆ ಬರುವವರೆಗೂ ಕೂತೇ ಇರುತ್ತಿದ್ದಳಂತೆ.

ಅವಳೇ ಹೋಗಿ ಸೇದಬಾರದಿತ್ತಾ ಅಜ್ಜಿ?

ಬಾರದಿತ್ತು ಕೂಸೇ. ಯಾಕೆ ಬಾರದು ಅಂತ ಆಗಲೂ ಯಾರೂ ಕೇಳಲಿಲ್ಲ, ಅದೇ ಆ ಊರಿಗೆ ಹಿಡಿದಿದ್ದ ರೋಗ.

ಆಮೇಲೆ ಆ ಊರಿಗೆ ಒಬ್ಬ ಹೊಸ ಗೌಡ ಬಂದನಂತೆ. ಅವನಿಗೆ ಪಂಚಾಯಿತಿ ಕಟ್ಟೆಗಿಂತ ನಾರು ಹೊಸೆಯುವವರ ಅಂಗಳವೇ ಇಷ್ಟ. ಅವರ ಜೊತೆ ಕೂತು ತೊಡೆಯ ಮೇಲೆ ಕತ್ತಾಳೆ ನಾರು ಉಜ್ಜಿ ಉಜ್ಜಿ ಹಗ್ಗ ಮಾಡುವುದು ಕಲಿತ. ಗೌಡರ ತೊಡೆ ಗಾದಿ ಮೇಲೆ ಇರೋ ಬದಲು ನಾರಿಗೆ ಸವೀತಿದೆ ಅಂತ ಜನ ಆಡಿಕೊಂಡರು. ಮಿಣಿ ಅಂದರೆ ದಪ್ಪ ಹಗ್ಗ, ಅದಕ್ಕೇ ಅವನಿಗೆ ಮಿಣಿಯಜ್ಜ ಅಂತಲೇ ಹೆಸರಾಯಿತಂತೆ.

ಒಂದು ಬೇಸಿಗೆಯಲ್ಲಿ ಬಾವಿಯ ನೀರು ಹದಿನೆಂಟು ಮಾರು ಕೆಳಗೆ ಇಳಿದುಹೋಯಿತು. ಮೇಲುಕೇರಿಯ ಹಗ್ಗ ಹನ್ನೆರಡು ಮಾರು, ನಡುಕೇರಿಯದು ಹತ್ತು. ಎರಡನ್ನೂ ಸೇರಿಸಿ ಗಂಟು ಹಾಕಿದರು, ಗಂಟು ರಾಟೆಯಲ್ಲಿ ಸಿಕ್ಕಿಕೊಂಡಿತು. ಇನ್ನೊಂದು ಥರ ಗಂಟು ಹಾಕಿದರು, ಮತ್ತೆ ಸಿಕ್ಕಿತು. ಮೂರನೇ ಸಲ ಕೊಡವೇ ಬಾವಿಗೆ ಬಿತ್ತು. ಆಮೇಲೆ ಎಲ್ಲರೂ ಒಣಗಿದ ಬಾಯಲ್ಲಿ ಅಜ್ಜನ ಹತ್ತಿರ ಬಂದರಂತೆ.

ಗಂಟು ರಾಟೆ ದಾಟಲ್ಲ, ಹೊಸೆದದ್ದು ದಾಟ್ತದೆ, ಕೇರಿಗೆ ಒಂದೊಂದು ಎಳೆ ನಾರು ತನ್ನಿ ಅಂದ ಅಜ್ಜ. ಕೆಳಕೇರಿಯದೂನಾ ಗೌಡರೇ ಅಂದರು ಮೇಲುಕೇರಿಯವರು. ಎರಡೇ ಎಳೆಯಲ್ಲಿ ಅಷ್ಟು ಆಳದಿಂದ ತುಂಬಿದ ಕೊಡ ಎತ್ತುತ್ತೀರಾ, ಎತ್ತಿ ನೋಡೋಣ ಅಂದನಂತೆ. ಮೂರು ಕೇರಿಯ ನಾರು ಬಂತು, ಮೂರೆಳೆ ಹಗ್ಗ ಆಯಿತು. ಅಜ್ಜ ದೂರದಲ್ಲಿ ಕೂತಿದ್ದ ತಿಪ್ಪಮ್ಮನನ್ನು ಕರೆದು, ಬಾರವ್ವ, ಮೊದಲನೇ ಕೊಡ ನೀನು ಎತ್ತು ಅಂದ. ಹಗ್ಗ ಮೈಲಿಗೆ ಆಯ್ತು ಅಂತ ಒಬ್ಬ ಯಜಮಾನ ಕೂಗಿದನಂತೆ. ಅಜ್ಜ ಮೆತ್ತಗೆ ಹೇಳಿದ, ಹಾಗಾದರೆ ನಿಮ್ಮ ಎಳೆ ಬಿಚ್ಚಿಕೊಂಡು ಹೋಗಿ ಯಜಮಾನರೇ, ನೀರು ಮಾತ್ರ ಬಾವಿಯಲ್ಲೇ ಇರ್ತದೆ. ಯಜಮಾನ ಬಿಚ್ಚಲಿಲ್ಲ, ಬಾಯಾರಿಕೆ ಅಂಥದ್ದು.

ಅವತ್ತಿನಿಂದ ಊರಿಗೆಲ್ಲ ಒಂದೇ ಹಗ್ಗ. ವರ್ಷ ತುಂಬುವುದರೊಳಗೆ ಹಗ್ಗ ಸವೆದುಹೋಗುವುದು, ಯುಗಾದಿಯ ಮಾರನೇ ದಿನ ಹಳೆಯದನ್ನು ದನಕ್ಕೆ ಕಟ್ಟಿ, ಮೂರು ಕೇರಿಯವರೂ ಕೂತು ಹೊಸದು ಹೊಸೆಯುವುದು. ಹಗ್ಗ ಸವೆಯೋದೇ ಒಳ್ಳೇದು, ಇಲ್ಲದಿದ್ದರೆ ನೀವು ಒಟ್ಟಿಗೆ ಕೂರೋದು ಯಾವಾಗ ಅಂತ ಅಜ್ಜ ನಗುತ್ತಿದ್ದನಂತೆ. ಅವನ ಕೈಕೆಳಗೆ ಮೂವರು ಕಲಿತರು. ಮೇಲುಕೇರಿಯ ವೀರಭದ್ರಪ್ಪ, ನಡುಕೇರಿಯ ಹಾಡುಗಾರ ಕೊಟ್ರಪ್ಪ, ಕೆಳಕೇರಿಯ ತಿಪ್ಪಮ್ಮ.

ಆಮೇಲೆ ಒಂದು ದಿನ ಅಜ್ಜ ತೀರಿಕೊಂಡ. ಮೂರು ಕೇರಿಯಲ್ಲೂ ಒಲೆ ಹತ್ತಲಿಲ್ಲವಂತೆ.

ಯುಗಾದಿ ಬಂತು. ಮಾರನೇ ದಿನ ಎಲ್ಲರೂ ನಾರು ಹಿಡಿದು ಬಾವಿಕಟ್ಟೆಗೆ ಬಂದರು. ತಿಪ್ಪಮ್ಮ ಹಳೇ ಹಗ್ಗ ಬಿಚ್ಚೋಕೆ ಹೋದಳು, ಕೈ ಬರಲಿಲ್ಲ. ಅಜ್ಜ ಕೊನೆಗೆ ಹೊಸೆದ ಹಗ್ಗ, ಇದನ್ನ ದನಕ್ಕೆ ಕಟ್ಟೋದಾ ಅಂತ ಅತ್ತಳು. ಅತ್ತು, ಮನೆಯಿಂದ ಕುಂಕುಮ ತಂದು ಹಗ್ಗಕ್ಕೆ ಇಟ್ಟು ಹಣೆ ಹಚ್ಚಿದಳು. ಅವಳನ್ನು ನೋಡಿ ವೀರಭದ್ರಪ್ಪನೂ ಹಣೆ ಹಚ್ಚಿದ, ಕೊಟ್ರಪ್ಪನೂ ಹಚ್ಚಿದ, ಊರೇ ಹಚ್ಚಿತು. ಅಜ್ಜನ ಹಗ್ಗ ಇರುವಾಗ ಇನ್ನೊಂದು ಹೊಸೆಯೋದು ಅವನಿಗೆ ಅವಮಾನ ಅನ್ನಿಸಿ, ತಂದ ನಾರನ್ನು ಹಾಗೇ ವಾಪಸ್ಸು ತೆಗೆದುಕೊಂಡು ಹೋದರಂತೆ.

ಪ್ರೀತಿಯಿಂದಲೇ ಮಾಡಿದಳು ಕೂಸೇ. ಕೆಟ್ಟ ಮನಸ್ಸಿನಿಂದ ಮಾಡಿದ್ದಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು.

ಮೊದಲನೇ ವರ್ಷ ಹಗ್ಗಕ್ಕೆ ಒಂದು ಗುಡಿ ಆಯಿತು, ವೀರಭದ್ರಪ್ಪ ಪೂಜಾರಿಯಾದ. ಎರಡನೇ ವರ್ಷ, ಮಿಂದು ಮಡಿಯುಟ್ಟವರು ಮಾತ್ರ ಒಳಗೆ ಬರಬೇಕು ಅಂತಾಯಿತು. ಮೂರನೇ ವರ್ಷ, ಕೆಳಕೇರಿಯವರು ಹೊಸ್ತಿಲ ಆಚೆಯಿಂದಲೇ ಕೈಮುಗಿಯಬೇಕು ಅಂತಾಯಿತು. ಬಾವಿಯಲ್ಲಿ ನೀರೂ ಮೇಲೆ ಬಂದಿತ್ತು, ಸ್ವಂತ ಹಗ್ಗ ಸಾಕಾಗುತ್ತಿತ್ತು. ಮೇಲುಕೇರಿಯವರು ತಮ್ಮ ಹಗ್ಗ ತಂದರು, ನಡುಕೇರಿಯವರು ತಮ್ಮದು ತಂದರು. ತಿಪ್ಪಮ್ಮನಿಗೆ ಇಬ್ಬರು ಹೆಣ್ಣುಮಕ್ಕಳು, ಓಬಮ್ಮ ದೊಡ್ಡವಳು, ದುರುಗಿ ಚಿಕ್ಕವಳು. ಓಬಮ್ಮ ಕೊಡ ಇಟ್ಟುಕೊಂಡು ದೂರದಲ್ಲಿ ಕೂರೋಕೆ ಶುರು ಮಾಡಿದಳು. ಹನ್ನೆರಡು ವರ್ಷ ಹಾಗೆ ಕೂತು, ಮದುವೆಯಾಗಿ ಬೇರೆ ಊರಿಗೆ ಹೋದಳು. ಅವಳ ಜಾಗಕ್ಕೆ ದುರುಗಿ ಬಂದು ಕೂತಳಂತೆ.

ಆವತ್ತು ತಿಪ್ಪಮ್ಮನಿಗೆ ತಾನು ಏನು ಮಾಡಿದೆ ಅನ್ನೋದು ತಿಳಿಯಿತು. ಈ ಮಗಳಾದರೂ ಹೀಗೆ ಕೂರಬಾರದು ಅಂತ ಮೊದಲು ವೀರಭದ್ರಪ್ಪನ ಹತ್ತಿರ ಹೋದಳು. ಹೊಸ ಹಗ್ಗ ಹೊಸೆಯೋಣ ಅಣ್ಣಾ ಅಂದರೆ, ಅಜ್ಜನ ಹಗ್ಗಕ್ಕೆ ಎದುರಾಗಿ ಇನ್ನೊಂದು ಹಗ್ಗವೇ, ಬಿಡ್ತು ಅನ್ನು ತಾಯಿ ಅಂದ. ಕೊಟ್ರಪ್ಪನ ಹತ್ತಿರ ಹೋದಳು. ಅಜ್ಜನ ಮೇಲೆ ನೂರೆಂಟು ಪದ ಕಟ್ಟಿದೀನಿ ಅಕ್ಕಾ, ಕೂತ್ಕೋ, ಒಂದು ಕೇಳು ಅಂದ. ನೀರು ಸೇದೋ ಪದ ಇದ್ದರೆ ಹಾಡಪ್ಪ ಅಂದು ಎದ್ದು ಬಂದಳು. ಕೊನೆಗೆ ಗುಡಿಯ ಹೊಸ್ತಿಲ ಆಚೆ ನಿಂತು ಅಜ್ಜನನ್ನೇ ಕೇಳಿದಳಂತೆ. ಅಜ್ಜ ಮಾತಾಡಲಿಲ್ಲ. ದೇವರು ಮಾಡಿ ಕೂರಿಸಿದ ಮೇಲೆ ಅವನಾದರೂ ಹೇಗೆ ಮಾತಾಡಿಯಾನು?

ಆಮೇಲೆ ತಿಪ್ಪಮ್ಮ ಒಬ್ಬಳೇ ಬಾವಿ ಎದುರಿಗೆ ಕೂತು ಒಂದೆಳೆ ಹೊಸೆದಳು. ಆದರೆ ಒಂದೆಳೆ ನಿಲ್ಲಲ್ಲ ಕೂಸೇ, ತುದಿ ಬಿಟ್ಟರೆ ತಿರುಚು ಬಿಚ್ಚಿಕೊಂಡು ಮತ್ತೆ ನಾರೇ ಆಗಿಬಿಡ್ತದೆ. ಅದಕ್ಕೆ ತುದಿ ಹಿಡಿದುಕೊಂಡೇ ಕೂತಳು. ಒಂದು ದಿನ ಜನ ನೋಡಿ ನಕ್ಕರು. ಎರಡನೇ ದಿನ ಬೈದರು. ಮೂರನೇ ದಿನ ವೀರಭದ್ರಪ್ಪನ ಹೆಂಡತಿ ಗುರುಸಿದ್ಧಮ್ಮ ಸೆರಗಿನಲ್ಲಿ ನಾರು ಕಟ್ಟಿಕೊಂಡು ಬಂದು ಎದುರಿಗೆ ಕೂತಳಂತೆ. ಕೊಡು ಇತ್ಲಾಗೆ ತುದಿ, ಹಗ್ಗ ನಮ್ಮೆಜಮಾನರಿಗೆ ದೇವರು, ಸೇದೋ ರಟ್ಟೆ ನನ್ನದು ಅಂದಳು. ಆಮೇಲೆ ದನಿ ತಗ್ಗಿಸಿ, ಈ ಬಾವಿ ಹತ್ರ ನಾವೆಲ್ಲ ಒಟ್ಟಿಗೆ ನಕ್ಕು ಎಷ್ಟು ವರ್ಷ ಆಯ್ತೇ ಅಂದಳು. ಅಲ್ಲೇ ಕಟ್ಟೆಯ ಪಕ್ಕ ಹಾಡುತ್ತಾ ಕೂತಿದ್ದ ಕೊಟ್ರಪ್ಪ ಅದನ್ನು ಕೇಳಿ ಹಾಡು ನಿಲ್ಲಿಸಿ, ತಲೆ ತಗ್ಗಿಸಿಕೊಂಡು ಮೂರನೇ ಎಳೆ ತಂದ. ಸಂಜೆಯೊಳಗೆ ಹಗ್ಗ ರಾಟೆ ಏರಿತು. ಮೂರು ಕೇರಿಯ ಹೆಂಗಸರೂ ಸಾಲು ಹಚ್ಚಿದರು. ಕೆಲವು ಗಂಡಸರು ಗೊಣಗಿದರಂತೆ, ಗೊಣಗುತ್ತಲೇ ಆ ನೀರು ಕುಡಿದರಂತೆ. ದುರುಗಿ ಅವತ್ತೇ ತುಂಬಿದ ಕೊಡ ಎತ್ತಿದಳು.

ಹಾಗಾದರೆ ಎಲ್ಲಾ ಸರಿಹೋಯ್ತಲ್ಲ ಅಜ್ಜಿ.

ಊರು ಸರಿಹೋಯ್ತು. ಮುಂದಿನ ಯುಗಾದಿಗೆ ಓಬಮ್ಮ ತವರಿಗೆ ಬಂದಳಂತೆ. ತಿಪ್ಪಮ್ಮ ಹಿಗ್ಗಿ, ಹೋಗವ್ವ, ನೀನೇ ಒಂದು ಕೊಡ ಸೇದಿಕೊಂಡು ಬಾ ಅಂತ ಕಳಿಸಿದಳು. ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ತಾಯಿ ಹೋಗಿ ನೋಡಿದರೆ, ಬಾವಿಯ ಹತ್ತಿರ ಯಾರೂ ಇಲ್ಲ, ಹಗ್ಗ ರಾಟೆಯ ಮೇಲೆ ಸುಮ್ಮನೆ ಇಳಿಬಿದ್ದಿದೆ. ಓಬಮ್ಮ ದೂರದಲ್ಲಿ ಕೊಡ ಇಟ್ಟುಕೊಂಡು ಕೂತಿದ್ದಾಳೆ. ಯಾಕೆ ಮಗಳೇ ಅಂದರೆ, ಯಾರೂ ಬರಲೇ ಇಲ್ಲವ್ವ ಅಂದಳಂತೆ.

ತಿಪ್ಪಮ್ಮ ಮಗಳ ಪಕ್ಕದಲ್ಲಿ ಕೂತಳು. ಆಮೇಲೆ ಅವಳ ಕೈ ಹಿಡಿದು ಕಟ್ಟೆ ಹತ್ತಿಸಿ, ಹಗ್ಗ ಕೈಗಿತ್ತು, ತಾನೂ ಹಿಂದಿನಿಂದ ಹಿಡಿದುಕೊಂಡಳು.

ಸೇದಿದಳಾ ಅಜ್ಜಿ?

ಸೇದಿದಳು. ರೂಢಿಯಿಲ್ಲದ ಕೈ, ಅರ್ಧ ಚೆಲ್ಲಿತು, ಅರ್ಧ ಮೇಲೆ ಬಂತು. ಆ ಅರ್ಧ ಕೊಡ ನೀರನ್ನ ತಾಯಿ ಮಗಳು ಇಬ್ಬರೂ ಹೊತ್ತು ಮನೆಗೆ ಹೋದರಂತೆ. ಅವರು ಮನೆ ಮುಟ್ಟಿದರು, ಕತೆಯೂ ಮುಗೀತು. ಮಲಗು ಕೂಸೇ.