ಹಕ್ಕಿಕುರ್ವೆ ಗೋಯ್ದನ ಕುರ್ವೆಯಾದದ್ದು

ಹೊಳೆ ಕಡಲನ್ನು ಕೂಡುವ ಅಳಿವೆಯ ಬಾಯಲ್ಲಿ ಗೋಯ್ದನ ಕುರ್ವೆ ಇದೆ. ಕುರ್ವೆಯೆಂದರೆ ಈ ಕಡೆಯ ಮಾತಿನಲ್ಲಿ ನಡುಗಡ್ಡೆ. ಸುತ್ತಿ ಬರಲು ಅರ್ಧ ತಾಸು ಸಾಕು. ಪಡುವಣಕ್ಕೆ ಬಿಳಿ ಮರಳು, ಅದರ ಮೇಲೆ ಹಬ್ಬಿದ ಅಡುಂಬು ಬಳ್ಳಿ, ನಡುವೆ ಕರಡದ ಹುಲ್ಲು, ನಾಲ್ಕಾರು ಹೊನ್ನೆ ಮರ, ಕಲ್ಲು ಕಟ್ಟಿದ ಒಂದು ಸಿಹಿನೀರಿನ ಒರತೆ. ದೋಣಿ ದಡ ಮುಟ್ಟುವ ಮೊದಲು ಅಂಬಿಗ ಹುಟ್ಟನ್ನು ಮೇಲೆತ್ತಿ "ಗೋಯ್ದಾ..." ಎಂದು ಒಮ್ಮೆ ಕೂಗುತ್ತಾನೆ. ಹೊಸಬರು ದಡದಲ್ಲಿ ಯಾರಿದ್ದಾರೆಂದು ಕತ್ತು ಉದ್ದ ಮಾಡಿ ನೋಡುತ್ತಾರೆ. ಯಾರೂ ಇರುವುದಿಲ್ಲ. ಹೆಸರು ಕೇಳಿ ಇವನೊಬ್ಬ ಪಾಳೆಯಗಾರನಿರಬೇಕೆಂದು ಊಹಿಸಿದವರುಂಟು. ಒಬ್ಬ ಮಾಸ್ತರರಂತೂ ಅವನಿಗೆ ಒಂದು ಕುದುರೆಯನ್ನೂ ಕೊಟ್ಟು ಬರೆದುಬಿಟ್ಟಿದ್ದರು. ಇಷ್ಟು ಜಾಗದಲ್ಲಿ ಆ ಕುದುರೆ ಎಲ್ಲಿ ಓಡಬೇಕೋ ದೇವರೇ ಬಲ್ಲ. ಗೋಯ್ದ ಮಚವೆಯೆಂಬ ಹಾಯಿಯ ಹಡಗಿನಲ್ಲಿ ದುಡಿಯುತ್ತಿದ್ದ ಒಬ್ಬ ಆಳು. ಹೆಸರು ಉಳಿಯುವಂಥದ್ದು ಅವನು ಮಾಡಿದ್ದೇನಾದರೂ ಇದ್ದರೆ, ಹೋದವನು ಬಾರದೆ ಇದ್ದದ್ದು ಮಾತ್ರ.

ಹಿಂದೆ ಒಮ್ಮೆ, ಮಚವೆಗಳು ಗಾಳಿಯನ್ನು ನಂಬಿ ದೂರದ ಬಂದರುಗಳಿಗೆ ಹೋಗಿಬರುತ್ತಿದ್ದ ಕಾಲದಲ್ಲಿ, ಇದಕ್ಕೆ ಹಕ್ಕಿಕುರ್ವೆ ಎಂಬ ಹೆಸರಿತ್ತು ಎನ್ನುತ್ತಾರೆ. ಬಿಸಿಲೇರುವ ತಿಂಗಳಲ್ಲಿ ಕಡಲ ಹಕ್ಕಿಗಳು ಬಂದು ಬಯಲು ಮರಳಿನಲ್ಲಿ ಮೊಟ್ಟೆಯಿಡುತ್ತಿದ್ದವು. ಅವು ಎಲ್ಲಿ ಗುಂಪುಗಟ್ಟಿ ನೀರಿಗೆರಗುತ್ತವೋ ಅಲ್ಲಿ ಮೀನಿದೆ ಎಂದು ಇಲ್ಲಿಯವರು ಬಲೆ ಬಿಡುತ್ತಿದ್ದರು. ಇಪ್ಪತ್ತು ಮನೆಗಳಿದ್ದವು. ಅವರಲ್ಲೊಂದು ಕಟ್ಟಳೆಯಿತ್ತು. ಮದುವೆಯಾದ ಮೇಲೆ ಮೊದಲ ಸಲ ಕಡಲಿಗೆ ಹೊರಡುವವನು ಅಂಗಳದಲ್ಲಿ ಒಂದು ಗಿಡ ನೆಡಬೇಕು. ಅವನು ತಿರುಗಿ ಬರುವ ತನಕ ಆ ಗಿಡಕ್ಕಾಗಲಿ, ಅದರ ಬೀಜದಿಂದ ಹುಟ್ಟಿದ್ದಕ್ಕಾಗಲಿ ಯಾರೂ ಕತ್ತಿ ತಾಗಿಸಬಾರದು. ಕಡಲಲ್ಲಿ ಸತ್ತವನ ಹೆಣ ಸಿಗದಿದ್ದರೆ ಆ ಮರವನ್ನೇ ಕಡಿದು ಸುಟ್ಟು ಸಂಸ್ಕಾರ ಮುಗಿಸುತ್ತಿದ್ದರು. ಹೆಂಡತಿ ಅಂದು ಬಳೆ ಒಡೆಯಬೇಕು. ಎಲ್ಲರೂ ತೆಂಗನ್ನೋ ಹೊನ್ನೆಯನ್ನೋ ನೆಡುತ್ತಿದ್ದರಾಗಿ ಈ ಕಟ್ಟಳೆಯಿಂದ ಯಾರಿಗೂ ತೊಂದರೆಯಾಗಿರಲಿಲ್ಲ.

ಗೋಯ್ದ ನೆಟ್ಟದ್ದು ಕಸ್ತೂರಿಜಾಲಿ. ಹಿಂದಿನ ವರ್ಷ ಯಾವುದೋ ಬಂದರಿನಲ್ಲಿ ಆ ಹಳದಿ ಹೂವಿನ ಪರಿಮಳಕ್ಕೆ ಮರುಳಾಗಿ ಬೀಜವನ್ನು ಸೊಂಟದ ಚೀಲದಲ್ಲಿ ಕಟ್ಟಿ ತಂದಿದ್ದ. ನೂಲಹುಣ್ಣಿಮೆಗೆ ಕಡಲಿಗೆ ಕಾಯಿ ಹಾಕಿ ಹೊರಡುವಾಗ ಅವನು ಹೆಂಡತಿ ದೇಮಿಗೆ ಹೇಳಿದ್ದಿಷ್ಟೇ: "ಇದು ಹೂ ಬಿಡೂದ್ರೊಳಗೆ ಬತ್ತೆ. ತಡಾ ಆದ್ರೂ ಹೆದ್ರಬೇಡ. ಇದ್ರ ಪರಿಮಳ ಗಾಳೀಲಿ ಬಂದ್ರೆ ಎಷ್ಟ್ ದೂರದಿಂದಾದ್ರೂ ನಮ್ಮ ಕುರ್ವೆ ಗುರ್ತು ಹಿಡೀತೆ." ದೇಮಿಗೆ ಆಗ ಮದುವೆಯಾಗಿ ನಾಲ್ಕು ತಿಂಗಳು. ಆ ಮಾತನ್ನು ಅವಳು ಜನ್ಮವಿಡೀ ನೆನೆದಳು.

ಮೂರನೆಯ ವರ್ಷ ಗಿಡ ಹೂ ಬಿಟ್ಟಿತು. ಗಾಳಿ ಕಡಲ ಕಡೆಗೆ ತಿರುಗಿದಾಗಲೆಲ್ಲ ದೇಮಿ ಅಂಗಳಕ್ಕೆ ಬಂದು ನಿಲ್ಲುತ್ತಿದ್ದಳು. ಒಂದು ಹೂವನ್ನೂ ಮುಡಿಯಲಿಲ್ಲ. ಮುಡಿದರೆ ಅಷ್ಟು ಪರಿಮಳ ಅವನಿಗೆ ಕಡಿಮೆಯಾದೀತೆಂದು ಅವಳ ಲೆಕ್ಕ. ಹುಚ್ಚು ಎನ್ನಬಹುದು. ಕಾಯುವವರಿಗೆ ಅಂಥ ಲೆಕ್ಕಗಳೇ ಆಧಾರ. ಹೂವಿನ ಹಿಂದೆ ಬೀಜದ ಕೋಡು ಬಂತು, ಕೋಡನ್ನು ಆಡುಗಳು ತಿಂದವು, ಆಡು ಹೋದಲ್ಲೆಲ್ಲ ಜಾಲಿ ಎದ್ದಿತು. ಒಣಹಾಕಿದ ಬಲೆಗಳು ಮುಳ್ಳಿಗೆ ಸಿಕ್ಕಿ ಹರಿದವು. ಅದರ ಬುಡದಲ್ಲಿ ಕರಡ ಸತ್ತು ಮನೆಯ ಮಾಡಿಗೆ ಹೊದಿಸಲು ಹುಲ್ಲಿಲ್ಲದಾಯಿತು. ತುಂಬಿ ಹರಿಯುತ್ತಿದ್ದ ಒರತೆಯಲ್ಲಿ ಕರಟದಿಂದ ಮೊಗೆದು ಕೊಡ ತುಂಬಿಸಬೇಕಾಯಿತು. ಒಂದು ಸಸಿಯಿದ್ದಾಗಲೇ ಕಿತ್ತಿದ್ದರೆ ಮುಗಿಯುತ್ತಿತ್ತು. ಆದರೆ ಗೋಯ್ದನ ಗಿಡ, ಮುಟ್ಟುವವರು ಯಾರು? ಒಂದೊಂದಾಗಿ ಮನೆಗಳು ಆಚೆದಡಕ್ಕೆ ಹೋದವು. ಹೋಗುವಾಗ ಯಾರೂ ದೇಮಿಯನ್ನು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು.

ಹನ್ನೆರಡು ವರ್ಷ ತುಂಬಿದಾಗ ಏಳೇ ಮನೆ ಉಳಿದಿದ್ದವು. ಬುಧವಂತನೆಂಬ ಪಟ್ಟದಲ್ಲಿ ಊರಿನ ಹಿರಿತನ ನೋಡುತ್ತಿದ್ದ ಕುಪ್ಪಯ್ಯ ಗೋಯ್ದನ ಸೋದರಮಾವನೂ ಹೌದು. ಅವನೇ ಬಂದು ಜಗಲಿಯ ಮೇಲೆ ಕುಳಿತು ಹೇಳಿದ. "ದೇಮಿ, ಅಂವ ನನ್ನ ಕೈಯಲ್ಲಿ ಆಡಿ ಬೆಳ್ದವ. ಆದ್ರೂ ಹೇಳ್ತೆ. ಮರ ಕಡ್ದು ಕಾರ್ಯ ಮುಗಿಸ್ವ."

"ನೀವು ಹೆಣ ಕಂಡಿದ್ರಾ ಮಾವ?"

ಅವಳು ಒಪ್ಪದೆ ಯಾರೂ ಕತ್ತಿ ಎತ್ತುವಂತಿರಲಿಲ್ಲ. ಕುಪ್ಪಯ್ಯ ಎದ್ದು ಹೋದ.

ಅದೇ ಬೇಸಿಗೆಯ ಒಂದು ಬೆಳಿಗ್ಗೆ ದೇಮಿ ಒರತೆಯ ಹತ್ತಿರ ಕರಟ ಹಿಡಿದು ಕುಳಿತಿದ್ದಳು. ಕೆಲವು ವರ್ಷಗಳಿಂದ ತೀರ ಕಡಿಮೆಯಾಗಿದ್ದ ಹಕ್ಕಿಗಳು ಆ ಸಲ ದೊಡ್ಡ ಹಿಂಡಾಗಿ ಬಂದವು. ಕುರ್ವೆಯ ಮೇಲೆ ಸುತ್ತಿದವು. ಕೆಳಗೆ ಬಂದು ಮುಳ್ಳು ಕಂಡು ಮೇಲೇರಿದವು. ಮೂರು ದಿನ ಹೀಗೇ ಕೂಗಿ ಸುತ್ತಿ, ನಾಲ್ಕನೆಯ ದಿನ ಬಂದ ದಾರಿಯಲ್ಲೇ ತಿರುಗಿ ಹೋದವು. ದೇಮಿ ಅವುಗಳ ಹಿಂದೆಯೇ ಪಡುವಣ ದಡಕ್ಕೆ ಓಡಿದಳು. ಗೋಯ್ದನ ದೋಣಿ ಹೊರಟ ಜಾಗ ಅದು. ನೀರಿನಂಚಿನ ತನಕ ಜಾಲಿ ಹೆಣೆದುಕೊಂಡಿತ್ತು. ಕಾಲಿಡಲು ಒಂದು ಗೇಣು ಮರಳಿರಲಿಲ್ಲ. ದೂರದಿಂದ ಬಂದ ಹಕ್ಕಿಗಳಿಗೆ ಆದದ್ದು ಅವನಿಗೂ ಆಗುತ್ತದಲ್ಲ ಎಂದು ಅವಳಿಗೆ ಹೊಳೆಯಿತು. ಅವನಿಗಾಗಿ ಕಾಪಾಡಿದ್ದೇ ಅವನು ಬರುವ ದಾರಿ ಮುಚ್ಚಿತ್ತು. ಅವಳು ಅಲ್ಲೇ ಕುಸಿದು ಹನ್ನೆರಡು ವರ್ಷದ ಅಳುವನ್ನೆಲ್ಲ ಅತ್ತಳು. ಆಮೇಲೆ ಮನೆಗೆ ಹೋಗಿ ಕತ್ತಿ ತಂದಳು.

ದಡದಿಂದ ಕಡಿಯುತ್ತ ಬಂದಳು. ಮೊದಲ ದಿನ ಒಬ್ಬಳೇ. ಮರುದಿನ ಉಳಿದ ಹೆಂಗಸರು ಸೇರಿದರು. ಆಚೆದಡಕ್ಕೆ ಹೋದವರೂ ದೋಣಿಯಲ್ಲಿ ಬಂದರು. ಕೊನೆಗೆ ಅಂಗಳದ ಮರವೊಂದು ಉಳಿಯಿತು. ಅದನ್ನೂ ಅವಳೇ ಕಡಿದಳು. ಕುಪ್ಪಯ್ಯ ತಲೆ ತಗ್ಗಿಸಿ ಹತ್ತಿರ ಬಂದು, "ಇನ್ನು ಬಳೆ..." ಎಂದ.

"ಬಳೆ ಒಡ್ಯೂದಿಲ್ಲ ಮಾವ. ಅಂವ ಸತ್ತ ಅಂತ ಕಡೀಲಿಲ್ಲ. ಬಂದ್ರೆ ಇಳೂಕೆ ಜಾಗ ಆಗ್ಲಿ ಅಂತ ಕಡ್ದೆ."

ಅಂಥ ಮಾತಿಗೆ ಕಟ್ಟಳೆಯಲ್ಲಿ ಜಾಗವಿರಲಿಲ್ಲ. ಆದರೆ ಪರಿಮಳ ಹೋದ ಮೇಲೆ ಅವನಿಗೆ ಗುರುತು ಹೇಗೆ ಸಿಗಬೇಕು? ಆ ಸಂಜೆ ದೇಮಿ ದಡದಲ್ಲಿ ನಿಂತು ಗಂಡನ ಹೆಸರನ್ನು ಗಂಟಲು ಬಿಚ್ಚಿ ಕೂಗಿದಳು. ಗಂಡನ ಹೆಸರನ್ನು ಹೆಂಗಸರು ಪಿಸುಮಾತಿನಲ್ಲೂ ಹೇಳದಿದ್ದ ಕಾಲ ಅದು. ಯಾರೂ ನಗಲಿಲ್ಲ. ದಿನವೂ ಕೂಗಿದಳು. ಗಂಟಲು ಸೋತ ದಿನ ಅಂಬಿಗರು ಅವಳ ಪರವಾಗಿ ನೀರಿನ ಮೇಲಿಂದ ಕೂಗಿದರು. ಆ ಕೂಗು ಕೇಳಿ ಕೇಳಿ ಆಚೆದಡದವರು ಇದನ್ನು ಗೋಯ್ದನ ಕುರ್ವೆ ಎಂದು ಕರೆಯತೊಡಗಿದರಂತೆ. ಜಾಲಿ ಕಡಿದ ಏಳನೆಯ ವರ್ಷ ಹಕ್ಕಿಗಳು ಇಳಿದವು. ಒರತೆ ಮತ್ತೆ ತುಂಬಿತು. ಗೋಯ್ದ ಬರಲಿಲ್ಲ. ಪ್ರತಿ ಮಳೆಗಾಲ ಮಣ್ಣಿನೊಳಗಿನ ಹಳೆಯ ಬೀಜ ಮೊಳೆಯುತ್ತಿತ್ತು. ದೇಮಿ ಅವನ್ನು ಕೈಯಾರೆ ಕೀಳುತ್ತ ಮುದುಕಿಯಾದಳು. ಸಾಯುವಾಗಲೂ ಅವಳ ಕೈತುಂಬ ಹಸಿರು ಬಳೆಯಿತ್ತು ಎನ್ನುತ್ತಾರೆ.

ಈಗಲೂ ಮಳೆ ಬಿದ್ದೊಡನೆ ಅಲ್ಲಲ್ಲಿ ಜಾಲಿ ತಲೆಯೆತ್ತುತ್ತದೆ. ಒರತೆಯ ನೀರು ಕುಡಿಯುವ ಮೊದಲು ಬಂದವರು ಒಂದು ಸಸಿ ಕಿತ್ತು ಕಲ್ಲಿನ ಮೇಲೆ ಒಣಗಲು ಇಡಬೇಕು. ಬಿಸಿಲ ದಿನಗಳಲ್ಲಿ ಹೋದರೆ ಮರಳಿನ ತುಂಬ ಹಕ್ಕಿಗಳು. ತುಳಿಯದಂತೆ ಸುತ್ತಿ ಬರಬೇಕು. ಗೋಯ್ದನ ಹೆಸರು ಕೂಗಿದ ಅಂಬಿಗ ಕೂಡಲೇ ದೋಣಿಯನ್ನು ದಡಕ್ಕೆ ತರುವುದಿಲ್ಲ. ಎತ್ತಿದ ಹುಟ್ಟನ್ನು ಹಾಗೆಯೇ ಹಿಡಿದು ಸ್ವಲ್ಪ ಹೊತ್ತು ಸುಮ್ಮನಿರುತ್ತಾನೆ. ಅವಸರದ ಪ್ರವಾಸಿಗಳು ಯಾಕೆ ನಿಲ್ಲಿಸಿದೆಯೆಂದು ರೇಗುತ್ತಾರೆ. ಅವನು ಕಡಲ ಕಡೆಯಿಂದ ಕಣ್ಣು ತೆಗೆಯದೆ ಹೇಳುತ್ತಾನೆ: "ಅಂವ ಓ ಅಂದ್ರೆ ಕೇಳ್ಬೇಕಲ್ಲ."