ನಾನೇ ಸೈಕಲ್ಲು ಎಂದ ಫ್ರೇಮು

ರಿಪೇರಿಗೆ ಬಂದಿದ್ದ ಹಳೇ ರೇಸ್ ಸೈಕಲ್ಲಿನ ಫ್ರೇಮಿಗೆ ಮತ್ತೆ ಮೆರೆಯುವ ಆಸೆ ಹುಟ್ಟಿತು. "ಈ ಗಾಲಿಗಳು ಹಳತಾದವು, ತೆಗೆದುಬಿಡು," ಎಂದು ಮೆಕ್ಯಾನಿಕ್ ದಸ್ತಗೀರನಿಗೆ ಆಜ್ಞಾಪಿಸಿತು. ಆಮೇಲೆ ಸೀಟು, ಚೈನು, ಹ್ಯಾಂಡಲ್ಲು ಎಲ್ಲವನ್ನೂ ಗುಜರಿಗೆ ಹಾಕಿಸಿತು.

ಅವುಗಳ ಜಾಗಕ್ಕೆ ಬಂದ ಹೊಸ ಭಾಗಗಳು ಕೂಡಲೇ ಸಭೆ ಸೇರಿದವು. ಹೊಸ ಗಾಲಿ, "ದಸ್ತಗೀರಣ್ಣ, ನಮ್ಮ ನಡುವೆ ಈ ತುಕ್ಕು ಹಿಡಿದ ಮುದುಕ ಯಾರು?" ಎಂದು ಕೇಳಿತು.

"ಮುದುಕನೇ? ನಾನೇ ಸೈಕಲ್ಲು!" ಎಂದು ಫ್ರೇಮು ಗುಡುಗಿತು.

"ಬಹುಮತ ಅವರ ಕಡೆ ಇದೆಯಲ್ಲ, ಯಜಮಾನರೇ," ಎಂದ ದಸ್ತಗೀರ, ಹೊಸ ಫ್ರೇಮು ಜೋಡಿಸಿ ಹಳೆಯದನ್ನು ಗುಜರಿಗೆ ಎಸೆದ.

ಸಂಜೆ ಒಡತಿ ಸುಲೋಚನಾ ಬಂದಳು. ಹೊಳೆಯುವ ಸೈಕಲ್ಲನ್ನು ಸವರುತ್ತಿದ್ದಂತೆ ಅವಳ ಕಣ್ಣು ತುಂಬಿತು. "ಅಪ್ಪನ ಸೈಕಲ್ಲನ್ನು ಹಾಗೇ ಉಳಿಸಿಕೊಟ್ಟಿರಲ್ಲ!"

"ನಾನಿಲ್ಲಿದ್ದೇನೆ, ಮಗಳೇ!" ಎಂದು ಗುಜರಿಯೊಳಗಿಂದ ಫ್ರೇಮು ಕೂಗಿಕೊಂಡಿತು.

ಅಷ್ಟರಲ್ಲಿ ಹೊಸ ಗಾಲಿ, "ಹೌದು ತಾಯಿ, ಆ ಕಾಲದ ಕಬ್ಬಿಣವೇ ಬೇರೆ," ಎಂದು ಗಂಭೀರವಾಗಿ ಹೇಳಿ ಉರುಳತೊಡಗಿತು.