ಹುಲಿ ಎಷ್ಟರಲ್ಲಿ ಎಷ್ಟು?

"ನನ್ನ ನುಡಿಯಲ್ಲಿ ಸುಳ್ಳು ಹೇಳಲು ಯಾರ ಕೈಲೂ ಆಗದು, ಪ್ರಭು," ಎಂದು ಮುಳ್ಳುಗಡದ ಆಸ್ಥಾನದಲ್ಲಿ ನರಹರಿ ಶಾಸ್ತ್ರಿಗಳು ಎದೆ ತಟ್ಟಿಕೊಂಡರು.

ಹನ್ನೆರಡು ವರ್ಷ ಕೂತು ಅವರೇ ಕಟ್ಟಿದ ಹೊಸ ಭಾಷೆ ಅದು. ಹೆಸರು ನೇರ್ನುಡಿ. ಅದರಲ್ಲಿ ಯಾವ ವಸ್ತುವಿನ ಹೆಸರೆತ್ತಿದರೂ ಮೊದಲು ಎಷ್ಟರಲ್ಲಿ ಎಷ್ಟು ಎಂದು ಹೇಳಬೇಕು. ಜೊತೆಗೆ ಒಂದು ಪುಟ್ಟ ಮಾತು ಸೇರಿಸಬೇಕು. ವಸ್ತು ನಿಜಕ್ಕೂ ಅದೇ ಆಗಿದ್ದರೆ 'ದಿಟ'. ಹೇಳುವವನು ತನ್ನ ಮಟ್ಟಿಗೆ ಹಾಗೆ ಕರೆಯುತ್ತಿದ್ದರೆ 'ಎಂಬೆ'. ಬರೀ ಹೆಸರಿಗೆ ಹಾಗಿದ್ದರೆ 'ಹೆಸರು'.

ಅರಸ ಇರುಗಪ್ಪ ನಾಯಕನಿಗೆ ಹೊಸದೆಂದರೆ ಪ್ರಾಣ. ಅಂದೇ ಡಂಗುರ ಹೊಡೆಸಿದ. ಅರಸನ ಹೊರತು ಅರಮನೆಯಲ್ಲಿ ಎಲ್ಲರೂ ನೇರ್ನುಡಿಯನ್ನೇ ಆಡಬೇಕು, ತಪ್ಪಿದವರು ಸಂಜೆಯೊಳಗೆ ಕೋಟೆ ಬಿಡಬೇಕು.

ಮೊದಲು ಸಿಕ್ಕಿಬಿದ್ದವಳು ಅಡುಗೆಯ ಸಾಕವ್ವ. ಮೂವತ್ತು ವರ್ಷದ ಅಭ್ಯಾಸದಂತೆ ಬಾಗಿಲಲ್ಲಿ ನಿಂತು, "ಅನ್ನ ಆಗೈತೆ ಬುದ್ಧಿ, ಏಳ್ರಿ," ಎಂದುಬಿಟ್ಟಳು.

"ಎಷ್ಟರಲ್ಲಿ ಎಷ್ಟು ಅಗುಳು?" ಎಂದರು ಶಾಸ್ತ್ರಿಗಳು.

ಸಾಕವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಕೋಟೆ ಬಿಟ್ಟಳು. ಅವಳ ಜಾಗಕ್ಕೆ ಶಾಸ್ತ್ರಿಗಳ ಭಾವಮೈದ ಬಂದ. ಅವನ ನೇರ್ನುಡಿ ಅಚ್ಚುಕಟ್ಟು. "ನೂರರಲ್ಲಿ ಅರವತ್ತು, ದಿಟ ಬೆಂದ ಅಗುಳು," ಎಂದು ಬಡಿಸುತ್ತಿದ್ದ. ಉಳಿದ ನಲವತ್ತು ಹಲ್ಲಿಗೆ ಸಿಗುತ್ತಿದ್ದವು. ನಿಜ ಹೇಳಿದನಲ್ಲ ಎಂದು ಅರಸ ಕಷ್ಟಪಟ್ಟು ನುಂಗುತ್ತಿದ್ದ.

ಇದನ್ನು ಕಂಡು ಹೊಟ್ಟೆ ಉರಿದದ್ದು ದೇಮಣ್ಣನಿಗೆ. ಅರಸ ಸಿಂಹಾಸನ ಏರುವಾಗ ಬಿರುದು ಕೂಗುವುದು ಅವನ ಕೆಲಸ. ತಾಯಿ ಸತ್ತ ಮೇಲೆ ಅವನಿಗೆ ತುತ್ತು ಹಾಕಿ ಬೆಳೆಸಿದವಳೇ ಸಾಕವ್ವ. ಈಗ ಅವಳು ಕೋಟೆಯಾಚೆ ಯಾರದೋ ಜಗಲಿಯಲ್ಲಿ ಕೂತಿದ್ದಾಳೆಂದು ನೆನೆದರೆ ಅವನಿಗೆ ತುತ್ತು ಇಳಿಯುತ್ತಿರಲಿಲ್ಲ. ಗಂಟಲು ಕಟ್ಟಿದೆ ಎಂದು ಸನ್ನೆ ಮಾಡುತ್ತ ಎಂಟು ದಿನ ತುಟಿ ಬಿಚ್ಚದೆ ಹೊಂಚು ಹಾಕಿದ.

ಒಂಬತ್ತನೆಯ ದಿನ ಅರಸನೇ ಕರೆಸಿದ. "ನಾಳೆ ಮಗಳ ಮದುವೆ ಮಾತಿಗೆ ಬೀಗರು ಬರುತ್ತಾರೆ. ನನ್ನ ಇಪ್ಪತ್ತೊಂದು ಬಿರುದನ್ನೂ ನೇರ್ನುಡಿಯಲ್ಲಿ ಕೂಗಬೇಕು. ಈಗ ನನ್ನೆದುರು ಒಮ್ಮೆ ಕೂಗು. ಬಿರುದು ಬಿಟ್ಟು ಬೇರೆ ಮಾತಿಗೆ ಈ ಹೊತ್ತು ಕಟ್ಟಳೆಯಿಲ್ಲ."

"ಅಪ್ಪಣೆ, ಬುದ್ಧಿ. ಲೆಕ್ಕ ತಪ್ಪದಂತೆ ಶಾಸ್ತ್ರಿಗಳು ಪಕ್ಕದಲ್ಲಿರಲಿ. ತಮ್ಮ ಹುಲಿಬೇಟೆಗೆ ಜೊತೆಗೆ ಬಂದಿದ್ದ ಕಾಟಣ್ಣನೂ ಇರಲಿ," ಎಂದ ದೇಮಣ್ಣ.

ಇಬ್ಬರೂ ಬಂದರು. ದೇಮಣ್ಣ ಕೈಯೆತ್ತಿದ. "ಹುಲಿಗಳನ್ನು ಕೊಂದ..." ಎಂದು ಅಲ್ಲಿಗೇ ನಿಲ್ಲಿಸಿದ. "ಶಾಸ್ತ್ರಿಗಳೇ, ಹೀಗೆ ಬಿಟ್ಟರೆ ನಡೆಯುತ್ತದೆಯೇ?"

"ಛೇ, ಎಲ್ಲಾದರೂ ಉಂಟೇ? ಹುಲಿ ಎಷ್ಟರಲ್ಲಿ ಎಷ್ಟು? ದಿಟವೋ, ಎಂಬೆಯೋ, ಹೆಸರೋ?"

"ನಾನು ಕಂಡವನಲ್ಲ. ಕಾಟಣ್ಣ, ನೀನೇ ಹೇಳಪ್ಪ."

ಬೇಡರ ಕಾಟಣ್ಣ ಅರಸನ ಮುಖ ನೋಡಿದ, ಕೋಟೆ ಬಾಗಿಲು ನೋಡಿದ. "ಎರಡರಾಗೆ ಒಂದು, ದಿಟ ಹುಲಿ," ಎಂದ ಮೆಲ್ಲಗೆ. "ಅದು ಮುದಿಯಾಗಿ ತಾನೇ ಸತ್ತು ಬಿದ್ದಿತ್ತು. ಇನ್ನೊಂದು ಹೆಸರು ಹುಲಿ. ಗೌಡರ ಮನೆ ಆಕಳ ಕಂದು ಕರ."

ಶಾಸ್ತ್ರಿಗಳು ತಮ್ಮ ನೇರ್ನುಡಿಯ ಓಲೆಗರಿ ತಿರುವತೊಡಗಿದರು.

"ಇರಲಿ, ಮುಂದಿನದು," ಎಂದ ದೇಮಣ್ಣ. "ಹದಿನೆಂಟು ಕೋಟೆಗಳ ಒಡೆಯ. ಶಾಸ್ತ್ರಿಗಳೇ, ಹದಿನೆಂಟರಲ್ಲಿ ಒಂದು ದಿಟ, ನಾವು ನಿಂತಿರುವುದು. ಇನ್ನು ಮೂರು, ಪುಂಡು ದನ ಕೂಡುವ ದೊಡ್ಡಿಗಳು, ಅವನ್ನು 'ಹೆಸರು' ಎನ್ನಲೇ? ಉಳಿದ ಹದಿನಾಲ್ಕು ಎಲ್ಲಿವೆಯೋ ಗೊತ್ತಿಲ್ಲ. ಅದಕ್ಕೊಂದು ನಾಲ್ಕನೆಯ ಮಾತು ಕಟ್ಟಿಕೊಡುತ್ತೀರಾ? ಇನ್ನೂ ಹತ್ತೊಂಬತ್ತು ಬಿರುದು ಇವೆ."

"ಸಾಕು ನಿಲ್ಲಿಸು," ಎಂದ ಅರಸ. ಮುಖ ಕೆಂಡವಾಗಿತ್ತು. "ಇದನ್ನು ಬೀಗರೆದುರು ಕೂಗುತ್ತೀಯಾ?"

"ಕೂಗದಿದ್ದರೆ ಕೋಟೆ ಬಿಡಬೇಕು, ಬುದ್ಧಿ. ಸಾಕವ್ವ ಬಿಟ್ಟ ಹಾಗೆ. ಅವಳು ಅನ್ನ ಎಂದದ್ದು ಬೆಂದ ಅನ್ನವನ್ನೇ. ಅದೂ ತಪ್ಪಾಯಿತು."

ಅರಸ ಮೀಸೆ ಕಚ್ಚಿಕೊಂಡ.

"ಈ ಸುಡುಗಾಡು ನುಡಿಯಲ್ಲಿ ನನ್ನ ಬಗ್ಗೆ ನಿಜವಾದ ಹೊಗಳಿಕೆ ಒಂದಾದರೂ ಹುಟ್ಟುತ್ತದೆಯೇ? ಹೇಳು. ಹುಟ್ಟದಿದ್ದರೆ ನಿನ್ನ ತಲೆ ಹೋಯಿತು ಎಂದುಕೋ."

ದೇಮಣ್ಣ ಕೈಮುಗಿದ. "ತನ್ನ ಬಿರುದಿನ ಲೆಕ್ಕವನ್ನು ಮುಖಕ್ಕೇ ಕೇಳಿಯೂ ಹೊಗಳುಭಟ್ಟನ ತಲೆ ಉಳಿಸಿದವರು, ನಾನು ಕಂಡ ಏಳು ಅರಸರಲ್ಲಿ ಒಬ್ಬರು. ದಿಟ ಅರಸರು."

"ನಿನ್ನ ತಲೆ ಉಳಿಸುತ್ತೇನೆ ಎಂದು ನಾನೆಲ್ಲಿ ಹೇಳಿದೆ?"

"ಹಾಗಾದರೆ ದಿಟ ತೆಗೆದು 'ಎಂಬೆ' ಹಾಕಿಕೊಳ್ಳುತ್ತೇನೆ, ಬುದ್ಧಿ."

ಅರಸ ಒಂದು ಕ್ಷಣ ದುರುಗುಟ್ಟಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನು ನಕ್ಕದ್ದು ನೋಡಿ ಕಾಟಣ್ಣನೂ ನಕ್ಕ. ಶಾಸ್ತ್ರಿಗಳು ಮಾತ್ರ ಓಲೆಗರಿ ಕಟ್ಟಿಕೊಳ್ಳತೊಡಗಿದರು.

"'ದಿಟ'ವನ್ನೇ ಇಟ್ಟುಕೋ. ಕಟ್ಟಳೆ ಇವತ್ತಿಗೆ ರದ್ದು. ಸಾಕವ್ವನಿಗೆ ಮೇನೆ ಕಳಿಸಿ, ನನ್ನ ಹಲ್ಲು ಉಳಿಯಲಿ," ಎಂದ ಅರಸ. ತುಸು ಹೊತ್ತಿನ ಮೇಲೆ ದನಿ ತಗ್ಗಿಸಿ ಹತ್ತಿರ ಕರೆದ. "ನಾಳೆ ಮಾತ್ರ ಹಳೆಯ ನುಡಿಯಲ್ಲೇ ಕೂಗಪ್ಪ. ಇಪ್ಪತ್ತೊಂದೂ ಇರಲಿ."

"ಹುಲಿಯೂ, ಬುದ್ಧಿ?"

"ಹುಲಿಯೂ. ಸ್ವಲ್ಪ ಗಟ್ಟಿಯಾಗೇ ಕೂಗು."